ತಡವರಿಸದೆ ಓದಿದ ಪಾಠ

ಮಹಾರಾಷ್ಟ್ರದ ಉದಗೀರದ ನಮ್ಮ ಮನೆಯಲ್ಲಿ ಇಂದು ಬೆಳಿಗ್ಗೆ ಮಗಳು ಕಥೆ ಓದುತ್ತಿದ್ದಳು. ಆರು ವರ್ಷದ ಅವಳನ್ನು ಶಾಲೆಗೆ ಕಳಿಸದೆ ನಾನೇ ಕಲಿಸುತ್ತೇನೆ. ಒಂದು ಕಡೆ ತಡವರಿಸಿದಳು. ನಾನು ಸ್ಕೇಲಿನಿಂದ ಟೇಬಲ್ ಕುಟ್ಟಿದೆ. ಆ ಸದ್ದಿಗೆ ನನ್ನ ತವರೂರು ಗುಂಜೋಟಿಯ ಮನೆಯಂಗಳ ಕಣ್ಣೆದುರು ಬಂತು.

ಅಪ್ಪನ ಕೈಯಲ್ಲಿ ತೊಗರಿ ಕಟ್ಟಿಗೆ. ಬೀಗರು ನೆಂಟರು ಬಂದಾಗಲೆಲ್ಲ ನನ್ನ ಮರಾಠಿ ಶಾಲೆಯ ಪುಸ್ತಕ ತರಿಸುತ್ತಿದ್ದ. ಮನೆಮಾತು ಕನ್ನಡವಾದ ನನಗೆ ಅದು ಅರ್ಥವಾಯಿತೋ ಇಲ್ಲವೋ, ಅವನಿಗೆ ಬೇಕಿರಲಿಲ್ಲ. "ಗಡಗಡ ಓದು!" ತಡವರಿಸಿದರೆ ಮೊಣಕಾಲಿಗೆ ಏಟು.

ಒಮ್ಮೆ, ಅಲ್ಲೇ ಶೇಂಗಾ ಸುಲಿಯುತ್ತಿದ್ದ ಅಜ್ಜಿ ಕೇಳಿದಳು: "ಆ ಹುಡುಗಿ ಯಾಕ ಅತ್ತಳವ್ವಾ?" ಅಕ್ಷರ ಬಾರದಿದ್ದರೂ ಸಂತೆಯಲ್ಲಿ ಕೇಳಿ ಕೇಳಿ ಮರಾಠಿ ತಿಳಿಯುತ್ತಿದ್ದ ಅಜ್ಜಿ ಕಥೆ ಕೇಳಿಸಿಕೊಂಡಿದ್ದಳು. ಓದಿದ ನನಗೆ ಪಾಠದಲ್ಲಿ ಹುಡುಗಿಯೊಬ್ಬಳಿದ್ದಾಳೆಂದೇ ಗೊತ್ತಿರಲಿಲ್ಲ.

"ನೀ ಸುಮ್ನ ಕೂಡು. ನಡುವ ಬಾಯಿ ಹಾಕಿ ಆಕೀ ಓದು ಕೆಡಸಬ್ಯಾಡ," ಎಂದು ಅಪ್ಪ ಅಜ್ಜಿಗೆ ಗದರಿದ. ಬೀಗರು ನನಗೆ ಶಹಬ್ಬಾಸ್ ಎಂದರು. ಆ ಶಹಬ್ಬಾಸ್ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಮಗಳನ್ನು ಕೇಳಿದೆ: "ಕಥೀ ಒಳಗ ಏನಾತು, ಹೇಳು."

ಅವಳು ನನ್ನ ಕೈಯಲ್ಲಿದ್ದ ಸ್ಕೇಲನ್ನೇ ನೋಡುತ್ತ ಅಂದಳು: "ಗೊತ್ತಿಲ್ಲ ಮಮ್ಮಿ. ಆದ್ರ ಒಂದೇ ಸಲ ತಪ್ಪೀನಿ."