ಟೀಚರ್ ಹಾಕಿದ ಸಹಿ

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಕಾರ್ಬನ್ ಹಾಳೆಗಳ ಕಟ್ಟು ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಎಣ್ಣೆ, ಮಸಿ ಬೆರೆತ ಅದೇ ವಾಸನೆ… ತೊಂಬತ್ತರ ದಶಕದಲ್ಲಿ ನಾನು ಮೂಡಿಗೆರೆಯಲ್ಲಿ ಆಸ್ತಿ ಪತ್ರ ಬರಹಗಾರರೊಬ್ಬರ ಬಳಿ ಟೈಪಿಸ್ಟ್ ಆಗಿದ್ದೆ. ಅಲ್ಲಿಗೆ ಒಂದು ದಿನ ನಮ್ಮ ಟೀಚರ್ ಬಂದರು.

ಗೋಣಿಬೀಡಿನ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಮದುವೆಯಾಗಿರಲಿಲ್ಲ; ಇಬ್ಬರು ಅಣ್ಣಂದಿರ ಜೊತೆ ತೋಟದ ಮನೆಯಲ್ಲಿದ್ದರು. ಯಾರಾದರೂ ಪಕ್ಕದವರ ಸ್ಲೇಟು ನೋಡಿ ಬರೆದರೆ, ಉತ್ತರ ಸರಿಯಿದ್ದರೂ ಅಳಿಸಿಬಿಡುತ್ತಿದ್ದರು. "ತಪ್ಪಾದ್ರೂ ನಿಂದೇ ಬರಿ" ಅನ್ನುತ್ತಿದ್ದರು.

ಅಂಥವರು ಅಪ್ಪನ ತೋಟದಲ್ಲಿ ತಮಗಿದ್ದ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಲು ಬಂದಿದ್ದರು. "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ" ಎಂಬ ಸಾಲನ್ನು ದಿನಕ್ಕೆ ಹತ್ತು ಸಲ ಟೈಪ್ ಮಾಡುತ್ತಿದ್ದವಳು ನಾನು. ಅಂದು ಬೆರಳು ಓಡಲಿಲ್ಲ. ದೊಡ್ಡಣ್ಣ ಅತಿಯಾಗಿ ನಗುತ್ತಿದ್ದರು. ಚಿಕ್ಕಣ್ಣ ಬಾಗಿಲು ಬಿಟ್ಟು ಕದಲಲಿಲ್ಲ.

ನೀರು ಕೊಡುವ ನೆಪದಲ್ಲಿ ಟೀಚರನ್ನು ಹಿಂದಿನ ಕೋಣೆಗೆ ಕರೆದೆ. "ಟೀಚರ್, ಹೆದರ್ಸಿ ಕರ್ಕೊಂಡು ಬಂದಿದಾರಾ? ಬೇಡ ಅನ್ಸಿದ್ರೆ ಹೇಳಿ, ನಾನು ಟೈಪ್ ಮಾಡಲ್ಲ."

ಅವರ ಮುಖ ಕೆಂಪಾಯಿತು. "ನನ್ನ ಮನಸ್ಸು ನನಗಿಂತ ನಿನಗೇ ಗೊತ್ತಾ ಮಾರಾಯ್ತಿ? ಮನೇಲಿ ಅಣ್ಣಂದಿರೂ ಹಿಂಗೇ ಅಂದ್ಕೊಂಡಿದಾರೆ. ಹೋಗು, ಟೈಪ್ ಮಾಡು."

ಮಾಡಿದೆ. ಸಹಿ ಹಾಕುವಾಗ ಅವರ ಕೈ ನಡುಗುತ್ತದೆಯೇ ಎಂದೇ ನೋಡುತ್ತಿದ್ದೆ. ನಡುಗಲಿಲ್ಲ… ನಡುಗದೇ ಇದ್ದದ್ದರ ಮೇಲೂ ನನಗೆ ಅನುಮಾನವೇ.

ಮುಂದಿನ ವರ್ಷ ಅವರು ಕಳಸದ ಕಡೆಗೆ ವರ್ಗ ಮಾಡಿಸಿಕೊಂಡರು. ಅಣ್ಣಂದಿರೇ ಮನೆಯಿಂದ ಹೊರಗೆ ಹಾಕಿರಬೇಕೆಂದುಕೊಂಡು ಹುಡುಕಿಕೊಂಡು ಹೋದೆ. ಒಂದೇ ಕೋಣೆಯ ಬಾಡಿಗೆ ಮನೆ. ಕಾಫಿ ಕೊಟ್ಟು ಎದುರು ಕೂತರು.

"ಪಾಲು ಇರೋ ತನಕ ನನ್ನ ಮೇಲೆ ಕಾವಲು ಕಣೇ. ಎಲ್ಲಿ ಹೋದೆ, ಯಾರ ಹತ್ರ ಮಾತಾಡಿದೆ… ತೋಟ ಯಾರಿಗೆ ಬರ್ದು ಕೊಟ್ಬಿಡ್ತೀನೋ ಅಂತ ಭಯ ಅವ್ರಿಗೆ. ಈಗ ಕೇಳೋರಿಲ್ಲ. ಬೇಕಾದ ಬಸ್ ಹತ್ತೀನಿ."

"ಅಷ್ಟಕ್ಕೆ ತೋಟಾನೇ ಬಿಡ್ಬೇಕಾ? ಅದನ್ನ ಸ್ವಂತ ಇಚ್ಛೆ ಅಂತಾರಾ ಟೀಚರ್?"

ಕಾಫಿ ಲೋಟ ಕೆಳಗಿಟ್ಟರು. "ಇದ್ದಿದ್ದು ಎರಡೇ ದಾರಿ. ಎರಡೂ ಅವ್ರು ಮಾಡಿಟ್ಟಿದ್ದು. ಆರಿಸ್ಕೊಂಡಿದ್ದು ಮಾತ್ರ ನಾನು."

ಬಸ್ಸಿನಲ್ಲಿ ಮರಳುವಾಗ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ. ನಿಜವೋ, ಸೋತವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವೋ… ಆಮೇಲೂ ಎರಡು ಮೂರು ಸಲ ಹೋದೆ. ಪ್ರತಿ ಸಲವೂ ಅದನ್ನೇ ಕೆದಕಿ ಕೇಳಿದೆ. ಕೊನೆಗೊಮ್ಮೆ ಅವರು, "ವಿಚಾರಣೆ ಮಾಡೋಕೆ ಬರೋದಾದ್ರೆ ಇನ್ನು ಬರ್ಬೇಡ" ಅಂದರು. ನಾನು ಮತ್ತೆ ಹೋಗಲಿಲ್ಲ.

ಟೀಚರ್ ತೀರಿಕೊಂಡು ವರ್ಷಗಳಾದವು. ಅಣ್ಣಂದಿರನ್ನು ನಂಬದೆ ಇದ್ದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಟೀಚರನ್ನೂ ನಂಬಲಿಲ್ಲವಲ್ಲ… ಈಗ ಏನೂ ಕೇಳದೆ ಅವರೆದುರು ಸುಮ್ಮನೆ ಕೂತು ಬರೋಣವೆಂದರೆ ಅವರಿಲ್ಲ.