ಎರಡನೆಯ ಉತ್ತರ

ಮಾಳಮಡ್ಡಿಯ ಬಾಡಿಗೆ ಮನೆಗೆ ಒಬ್ಬಳೇ ಬಂದ ಮೇಲೆ, ಕಾಲೇಜಿನ ದಿನಗಳ ಕಂಪ್ಯೂಟರ್ ಆಟವೊಂದನ್ನು ಮತ್ತೆ ಶುರು ಮಾಡಿದೆ. ಗುಂಡು ಹಾರಿಸುವ ಆಟಗಳು ನನಗೆ ಆಗಿಬರುವುದಿಲ್ಲ. ಇದರಲ್ಲಿ ಬಾಗಿಲು, ದೀಪ, ಮನುಷ್ಯರು ಎಂದು ಕಂಡದ್ದರ ಮೇಲೆಲ್ಲ ಕ್ಲಿಕ್ ಮಾಡುತ್ತ ನಿಧಾನವಾಗಿ ಹೋಗಬೇಕು. ಯಾರಾದರೂ ಏನಾದರೂ ಕೇಳಿದರೆ ತೆರೆಯ ಮೇಲೆ ನಾಲ್ಕಾರು ಉತ್ತರಗಳು ಬರುತ್ತವೆ. ನಾವು ಆರಿಸಿದ್ದಕ್ಕೆ ತಕ್ಕಂತೆ ಕಥೆ ಬೇರೆ ದಾರಿ ಹಿಡಿದು ಬೇರೆಯದೇ ಕೊನೆ ಮುಟ್ಟುತ್ತದೆ. ಒಂದು ಉತ್ತರವನ್ನೂ ಬಿಡದೆ ಆಡಿ ನೋಡುವ ಹಟ ನನ್ನದು.

ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರಿದ್ದಾರೆ, ಅವರೂ ಒಂಟಿ. ಕತ್ತಲಾದ ಮೇಲೆ ತಂತಿಯ ಮೇಲಿನ ಬಟ್ಟೆ ತೆಗೆಯುತ್ತ ಅಂಗಳದ ಮೋಟು ಗೋಡೆಯಾಚೆಯಿಂದ ಕೇಳುತ್ತಿದ್ದರು:

"ಊಟ ಆತೇನ್ರಿ?"

"ಆತ್ರಿ. ನಿಮ್ದು?"

"ನಂದೂ ಆತ್ರಿ."

ನಮ್ಮ ಕಡೆ ಇದು ನಮಸ್ಕಾರವಿದ್ದಂತೆ. ಆಗಿರಲಿ ಬಿಡಲಿ, ಆತು ಅನ್ನುವುದೇ ವಾಡಿಕೆ. ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟೇ.

ಒಂದು ರಾತ್ರಿ ಆಟದೊಳಗಿನ ಮುದುಕಿಯೊಬ್ಬಳಿಗೆ ಕೊಡಬಹುದಾದ ಉತ್ತರಗಳನ್ನೆಲ್ಲ ಕೊಟ್ಟು ಮುಗಿಸಿ ಹೊರಗೆ ಬಂದಿದ್ದೆ. ಅದೇ ಪ್ರಶ್ನೆ ಬಂತು. "ಇಲ್ರಿ, ಇನ್ನೂ ಆಗಿಲ್ಲ" ಎಂದುಬಿಟ್ಟೆ.

ಅವರ ಕೈ ತಂತಿಯ ಮೇಲೆಯೇ ನಿಂತಿತು. "ಖರೇ ಹೇಳ್ಬೇಕಂದ್ರ ನಂದೂ ಆಗಿಲ್ರಿ. ನೀವು ದಿನಾ ಆತು ಅಂತೀರಿ, ಅದಕ್ಕ ನಾನೂ ಅಂತೇನಿ."

ಅವರು ಉಳಿದ ಬಟ್ಟೆ ಹೆಗಲಿಗೆ ಹಾಕಿಕೊಂಡ ಮೇಲೆ ಇಬ್ಬರೂ ಒಳಗೆ ಹೋಗಿ ನಮ್ಮ ನಮ್ಮ ಒಲೆ ಹಚ್ಚಿಕೊಂಡೆವು.