ಜೋಡಿ ಡಬ್ಬಿ

ನಮ್ಮ ವಿಜ್ಞಾನದ ಮಾಸ್ತರರ ಕೋಟಿನ ಬಲಗಡೆಯ ಕಿಸೆ ಯಾವಾಗಲೂ ತೊಯ್ದಿರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಕಡಲೆಯನ್ನೋ ಗೋಧಿಯನ್ನೋ ಕಟ್ಟಿ ಅದರಲ್ಲಿಟ್ಟುಕೊಂಡು ಧಾರವಾಡದ ತುಂಬ ತಿರುಗುವವರು ಅವರು. ಮೈಯ ಕಾವಿಗೆ ಬೀಜ ಎಷ್ಟು ಬೇಗ ಬಾಯಿ ಬಿಡುತ್ತದೆಂದು ನೋಡಬೇಕಂತೆ! ಹತ್ತಿರ ಬಂದರೆ ಮುಗ್ಗಲು ವಾಸನೆ. ಶಾಲೆಯಲ್ಲಿ ಎಲ್ಲರೂ ಬೆನ್ನ ಹಿಂದೆ 'ಮೊಳಕೆ ಮಾಸ್ತರ' ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತೆಂದು ನನ್ನ ಗುಮಾನಿ.

ತರಗತಿಯಲ್ಲಿದ್ದ ಬೆರಳೆಣಿಕೆಯ ಹುಡುಗಿಯರಲ್ಲಿ ನಾನೊಬ್ಬಳು. ಸಾಲದ್ದಕ್ಕೆ ಅವರ ಪಕ್ಕದ ಮನೆಯವಳು. ಹೀಗಾಗಿ ಶಾಲೆ ಬಿಟ್ಟ ಮೇಲೂ ನನಗೆ ಪಾಠ ತಪ್ಪುತ್ತಿರಲಿಲ್ಲ.

ಆ ವರ್ಷ ಅವರು ಪುಸ್ತಕ ಮುಚ್ಚಿಟ್ಟು, "ಬೀಜ ಹುಟ್ಟಲಿಕ್ಕೆ ಏನೇನು ಬೇಕು, ನೀವಽ ಕಂಡು ಹಿಡೀರಿ. ಪ್ರಯೋಗನೂ ನಿಮ್ದಽ. ನಾ ಬಾಯಿ ಬಿಡೂದಿಲ್ಲ" ಎಂದರು. ನಾವು ಖಾಲಿ ಸಿಗರೇಟಿನ ಡಬ್ಬಿಗಳಿಗಾಗಿ ಊರೆಲ್ಲ ಅಲೆದೆವು. ಅಮ್ಮಿನಬಾವಿಯ ರೈತರ ಹುಡುಗನೊಬ್ಬ ತನ್ನ ಡಬ್ಬಿಯನ್ನು ಕತ್ತಲಲ್ಲಿಟ್ಟು, ನೀರು ಹಾಕುವುದನ್ನೂ ಮರೆತು, "ಕತ್ತಲದಾಗ ಬೀಜ ಹುಟ್ಟೂದಿಲ್ರಿ" ಎಂದು ಸಾರಿದ.

"ಬೆಳಕೂ ಕಸಗೊಂಡಿ, ನೀರೂ ಕಸಗೊಂಡಿ. ಈಗ ತಪ್ಪು ಯಾರ ಮ್ಯಾಲೆ ಹಾಕ್ತಿ?" ಎಂದರು ಮಾಸ್ತರರು. "ಒಂದಽ ಬದಲಿ ಮಾಡು. ಬಾಜೂಕ ಏನೂ ಬದಲಿ ಮಾಡದ ಇನ್ನೊಂದು ಡಬ್ಬಿ ಇಡು. ಎರಡೂ ನೋಡು, ಆಮ್ಯಾಲೆ ಮಾತಾಡು."

ಅದಕ್ಕೆ ಅವರು ಇಟ್ಟ ಹೆಸರು ಜೋಡಿ ಡಬ್ಬಿ. ಶುಂಠಿ ಕಷಾಯದಿಂದ ಮಗಳ ನೆಗಡಿ ಹೋಯಿತೆಂದು ನನ್ನ ತಾಯಿ ಅಂದರೆ ಸಾಕು, "ಜೋಡಿ ಡಬ್ಬಿ ಎಲ್ಲದರಿ ವೈನಿ?" ಎಂದು ಕಟ್ಟೆಯ ಮೇಲಿಂದ ಕೇಳುವರು. ಅವರದು ಇನ್ನೊಂದು ಹಟವಿತ್ತು. ಡಬ್ಬಿಗಳಿಗೆ ಚೀಟಿ ಅಂಟಿಸಕೂಡದು. "ಚೀಟಿ ಓದಿದ ಕಣ್ಣು ಸುಳ್ಳು ಹೇಳ್ತದ." ಗುರುತನ್ನು ಡಬ್ಬಿಯ ತಳಕ್ಕೆ ಮೊಳೆಯಿಂದ ಗೀಚಬೇಕು, ಎಲ್ಲ ಮುಗಿದ ಮೇಲೆಯೇ ಬೋರಲು ಹಾಕಿ ನೋಡಬೇಕು.

ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಬಸಿರು ನಿಲ್ಲದೆ ನೊಂದ ಜೀವ. ಆ ನವರಾತ್ರಿಗೆ ಮತ್ತೆ ತುಂಬಿದ ಬಸುರಿ. ಅವರ ಮನೆಯಲ್ಲಿ ಘಟ ಕೂಡಿಸುವ ಪದ್ಧತಿ. ದೇವರ ಕೋಣೆಯಲ್ಲಿ ಮಣ್ಣು ಹರವಿ, ಗೋಧಿ ಬಿತ್ತಿ, ನಡುವೆ ಕೊಡ ಇಟ್ಟು ದಿನವೂ ನೀರು ಚಿಮುಕಿಸುವುದು. ದಸರೆಯ ಹೊತ್ತಿಗೆ ಹಳದಿ ಸಸಿ ಗೇಣುದ್ದ ಎದ್ದರೆ ಮನೆಗೆ ಒಳ್ಳೆಯದೆಂದು ನಂಬಿಕೆ. ಯುದ್ಧದ ಕಾಲ, ಪೇಟೆಯಲ್ಲಿ ಗೋಧಿಯೇ ಇರಲಿಲ್ಲ. ಮಾಸ್ತರರ ತಾಯಿ ಪೇಚಾಡುವುದನ್ನು ನೋಡಲಾರದೆ ಅವರು ಪ್ರಯೋಗದ ಗೂಡಿನಿಂದ ಒಂದು ಡಬ್ಬಿ ತೆಗೆದುಕೊಟ್ಟರು. "ತಗೋ ಅವ್ವಾ, ಛಲೋ ಗೋಧಿ. ನಾನಽ ಆರಿಸಿದ್ದು."

ಘಟ ಮೊಳೆಯಲಿಲ್ಲ. ಹೇಗೋ ಹಿಡಿ ಕಾಳು ಹೊಂದಿಸಿಕೊಂಡಿದ್ದ ಓಣಿಯ ಮನೆಮನೆಯಲ್ಲೂ ಸಸಿ ಎದ್ದಿತು, ಅಲ್ಲಿ ಮಾತ್ರ ಕರಿಮಣ್ಣು. ಕಾಕು ಬೆಳಗ್ಗೆ ಎದ್ದವರೇ ದೀಪ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ದರ್ಶನಕ್ಕೆ ಬಂದ ಹೆಂಗಸರು ನೋಡಿ ದನಿ ತಗ್ಗಿಸುತ್ತಿದ್ದರು. ಅವರ ಬಾಯಿಗೆ ಮಣ್ಣು ಹಾಕಬೇಕೆನಿಸುತ್ತಿತ್ತು ನನಗೆ. ಕಾಕು ಊಟ ಬಿಟ್ಟರು.

ದಸರೆಯ ಸಂಜೆ ನಾನು ಬನ್ನಿ ಕೊಡಲು ಹೋದಾಗ ಮಾಸ್ತರರು ಆ ಡಬ್ಬಿಯನ್ನು ಬೋರಲು ಹಿಡಿದು ಒಳಗಿನಿಂದ ಪಡಸಾಲೆಯಲ್ಲಿದ್ದ ಕಾಕು ಹತ್ತಿರ ಓಡಿಬಂದರು. ಮೈಯೆಲ್ಲ ಬೆವರು, ಮುಖದಲ್ಲಿ ನಗು.

"ಇಲ್ನೋಡು, ಇದು ಬಿಸಿನೀರಾಗ ಅದ್ದಿ ಒಣಗಿಸಿದ ಗೋಧಿ! ಬೀಜ ಎಷ್ಟು ಕಾವು ತಡೀತದ ನೋಡ್ಲಿಕ್ಕೆ ಮಾಡಿದ್ದು. ಸತ್ತ ಬೀಜ ಹೆಂಗ ಹುಟ್ತದ? ತಪ್ಪು ನಂದು, ದೇವೀದಲ್ಲ."

ಕಾಕು ಆ ಗೀಚನ್ನು ಬಹಳ ಹೊತ್ತು ನೋಡಿದರು. "ಅಷ್ಟು ಡಬ್ಬ್ಯಾಗ ಅದಽ ನಿಮ್ಮ ಕೈಗೆ ಯಾಕ ಬಂತು?" ಎಂದರು.

ಮಾಸ್ತರರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕೈಯಲ್ಲಿದ್ದ ಬನ್ನಿಯನ್ನು ಇಸಿದುಕೊಳ್ಳುವುದೂ ಅವರಿಗೆ ನೆನಪಾಗಲಿಲ್ಲ.

ಚಳಿ ಬೀಳುವ ಮೊದಲೇ ಹೆರಿಗೆಯಲ್ಲಿ ಕಾಕು ತೀರಿಕೊಂಡರು. ಕೂಸೂ ಉಳಿಯಲಿಲ್ಲ. ಮಾಸ್ತರರು ಶಾಲೆಗೆ ಮರಳಿ ಬಂದರು, ಪುಸ್ತಕ ತೆರೆದು ಓದಿಸಿದರು. ಡಬ್ಬಿಗಳ ಗೂಡು ಬರಿದಾಗಿತ್ತು. ಕೋಟಿನ ಕಿಸೆ ಒಣಗಿತ್ತು.

ಘಟ ಕೆಟ್ಟದ್ದಕ್ಕೇ ಹೀಗಾಯಿತೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಮಾಸ್ತರರು ಸಿಟ್ಟಾಗಿ ಬೈದು, ಇದೆಲ್ಲ ಸುಳ್ಳೆಂದು ಹೇಳಲಿ ಎಂಬ ಆಸೆಯಿಂದಲೇ ಒಂದು ಸಂಜೆ ಕೇಳಿಬಿಟ್ಟೆ. "ಮಾಸ್ತರ್ರ, ಘಟ ಹುಟ್ಟಿದ್ರ ಕಾಕು ಉಳೀತಿದ್ರೇನ್ರಿ?"

ಅವರು ಬೈಯಲಿಲ್ಲ. ಕಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು.

"ಗೊತ್ತಿಲ್ಲ ತಂಗಿ. ಆಕೀಗೆ ಜೋಡಿ ಡಬ್ಬಿ ಇಲ್ಲ."

ನಾನು ಅಳುತ್ತ ಮನೆಗೆ ಓಡಿದೆ. ಕೆಲವೇ ವರ್ಷಗಳಲ್ಲಿ ಅವರೂ ಹೋದರು. ಏನು ಕಾಯಿಲೆಯೆಂದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ.

ಮುಂದೆ ನಾನೂ ವಿಜ್ಞಾನದ ಶಿಕ್ಷಕಿಯಾದೆ. ಒಂದನ್ನೇ ಬದಲಿಸಿ, ಪಕ್ಕದಲ್ಲಿ ಜೋಡಿ ಡಬ್ಬಿ ಇಡಿ ಎಂದು ಮಕ್ಕಳಿಗೆ ಅವರ ದನಿಯಲ್ಲೇ ಹೇಳಿದೆ. ನನಗೆ ಬಂದ ವಿದ್ಯೆಯೆಲ್ಲ ಅವರದೇ. ಒಂದರಲ್ಲಿ ಮಾತ್ರ ಅವರ ಮಾತು ಮೀರಿದೆ. ನನ್ನ ಡಬ್ಬಿಗಳಿಗೆಲ್ಲ, ದೂರದಿಂದಲೇ ಕಾಣುವ ಹಾಗೆ, ದೊಡ್ಡ ಅಕ್ಷರದ ಚೀಟಿ ಅಂಟಿಸಿದೆ.